ಗ್ಯಾರೇಜಿಗೆ ಒಳಚಿಲಕ ಹಾಕಿಸಿದ ಓನರಮ್ಮ

ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಹಿಂದೊಮ್ಮೆ ಅವರ ಹೆಸರಿನ ಬೋರ್ಡೊಂದನ್ನು ಗ್ಯಾರೇಜಿನ ಮೇಲೆ ಬರೆಸೋಣ ಎಂದು ನಾನು ಉತ್ಸಾಹದಿಂದ ಹೇಳಿದಾಗ, ತನ್ನ ಹೆಸರು ರೇಷನ್ ಕಾರ್ಡಿನಲ್ಲಿದ್ದರೆ ಸಾಕು, ಗೋಡೆ ಮೇಲೆ ಬಂದರೆ ಸತ್ತವರ ಲೆಕ್ಕ ಎಂದು ಬೈದು ಕಳಿಸಿದ್ದರು. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಈಗ ಬರೆದರೆ ಬೈಯುವವರಿಲ್ಲ, ಆದರೂ ಮನಸ್ಸು ಬರುವುದಿಲ್ಲ. ವಠಾರದ ನಾವೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ನಾನು ಮದುವೆಯಾಗಿ ಲಿಂಗಸುಗೂರಿನ ಕಡೆಯಿಂದ ಕಗ್ಗದಾಸಪುರಕ್ಕೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ನನ್ನ ಯಜಮಾನರು ಕೆ.ಆರ್. ಪುರದ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕಿದ್ದರು. ಕಗ್ಗದಾಸಪುರ ಆಗ ಅರ್ಧ ಹಳ್ಳಿ, ಅರ್ಧ ಲೇಔಟು. ಓನರಮ್ಮನವರದು ಅಲ್ಲಿನ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಸೈಟಾದ ಮೇಲೆ ಅವರ ಯಜಮಾನರು ರಸ್ತೆಗೆ ಮುಖ ಮಾಡಿ ಒಂದು ತಾರಸಿ ಮನೆ, ಅದರ ಹಿಂದೆ ಸಾಲಾಗಿ ಬಾಡಿಗೆ ರೂಮುಗಳನ್ನು ಕಟ್ಟಿಸಿ, ಗೃಹಪ್ರವೇಶದ ಊಟದ ರುಚಿ ಜನರ ಬಾಯಲ್ಲಿರುವಾಗಲೇ ಕಣ್ಣು ಮುಚ್ಚಿದ್ದರು. ರೂಮುಗಳಲ್ಲಿ ಹೆಚ್ಚಾಗಿ ನಮ್ಮ ಕಡೆಯವರೇ ಇದ್ದರು. ಗುಲ್ಬರ್ಗ, ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಬಂದ ಸಂಸಾರಗಳು.

ರೂಮು ಕೇಳಲು ಹೋದ ದಿನ ನಮ್ಮ ಜಾತಿ ಯಾವುದು, ಸಂಬಳ ಎಷ್ಟು ಎಂದು ಕೇಳುತ್ತಾರೆಂದು ಇಬ್ಬರೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆವು. ಓನರಮ್ಮ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಿಬ್ಬರಲ್ಲಿ ಜೋರಾಗಿ ಮಾತಾಡುವುದು ಯಾರು? ನನ್ನ ಗಂಡ ತಲೆ ತಗ್ಗಿಸಿದರು. ನಾನೇ ಎಂದು ನಾನು ಹೇಳಿದೆ. ಹಾಗಾದರೆ ಸರಿ, ಗಂಡಸು ಕೂಗಾಡುವ ಮನೆಗೆ ತಾನು ರೂಮು ಕೊಡುವುದಿಲ್ಲ ಎಂದು ಅವರು ಬೀಗದ ಕೈ ತೆಗೆದು ಕೊಟ್ಟರು. ಅವತ್ತಿನಿಂದ ನಾನು ಅವರ ಬಾಯಲ್ಲಿ ರಾಯಚೂರಮ್ಮ. ರಾಯಚೂರು ಎಲ್ಲಿದೆ ಎಂಬುದು ಅವರಿಗೆ ಕೊನೆಯವರೆಗೂ ಸ್ಪಷ್ಟವಿರಲಿಲ್ಲ. ತಿರುಪತಿಗಿಂತ ಆಚೆ ಎಂಬಷ್ಟು ಗೊತ್ತಿತ್ತು, ಅಷ್ಟೇ.

ಬಂದ ಮರುದಿನವೇ ಜಗಳಕ್ಕೆ ಬಂದರು. ಬೆಳಿಗ್ಗೆ ಬೆಳಿಗ್ಗೆ ಯಾರು ಗೋಡೆ ಒಡೆಯುತ್ತಿರುವುದು ಎಂದು ಸೆರಗು ಸಿಕ್ಕಿಸಿಕೊಂಡು ಬಂದವರಿಗೆ ಕಂಡದ್ದು, ಪಟಪಟ ಎಂದು ಜೋಳದ ರೊಟ್ಟಿ ಬಡಿಯುತ್ತಿದ್ದ ನಾನು. ಒಂದನ್ನು ಶೇಂಗಾ ಚಟ್ನಿ ಹಚ್ಚಿ ಕೈಗೆ ಕೊಟ್ಟೆ. ಒಣಗಿದ ಬಾಳೆ ಎಲೆ ತಿಂದಂತಿದೆ ಎಂದು ಗೊಣಗುತ್ತ ಪೂರ್ತಿ ತಿಂದರು. ಮರುದಿನ ಅದೇ ಹೊತ್ತಿಗೆ ಬಂದು, ಇವತ್ತಾದರೂ ಸರಿಯಾಗಿ ಬಡಿದಿದ್ದೀಯೋ ನೋಡೋಣ ಎಂದು ಕೂತರು. ಆಮೇಲೆ ಅದು ದಿನದ ಕತೆಯಾಯಿತು. ಪ್ರತಿಯಾಗಿ ನನಗೆ ಮುದ್ದೆ ನುಂಗುವುದನ್ನು ಕಲಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಾನು ಅಗಿಯುವುದನ್ನು ಕಂಡರೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅವರ ತಲೆಯಲ್ಲಿ ಊರಿನ ಹೊಲಗಳು ಇನ್ನೂ ಹಾಗೆಯೇ ಇದ್ದವು. ಯಾರಾದರೂ ದಾರಿ ಕೇಳಿದರೆ ಕ್ರಾಸು, ಮೇನು ಎನ್ನುತ್ತಿರಲಿಲ್ಲ. ಹುಚ್ಚೆಳ್ಳು ಹೊಲದ ಹತ್ತಿರ ಎಸ್‌ಟಿಡಿ ಬೂತ್ ಇದೆಯಲ್ಲ, ಅಲ್ಲಿಂದ ರಾಗಿ ಕಣ ದಾಟಿ ಎಡಕ್ಕೆ ತಿರುಗಿ ಎನ್ನುತ್ತಿದ್ದರು. ರಾಗಿ ಕಣದಲ್ಲಿ ಮೂರಂತಸ್ತಿನ ಮನೆ ನಿಂತು ಎಷ್ಟೋ ಕಾಲವಾಗಿತ್ತು. ಪಾಪ, ಗ್ಯಾಸ್ ಸಿಲಿಂಡರ್ ತರುವವನು ಇಲ್ಲದ ಹುಚ್ಚೆಳ್ಳನ್ನು ಹುಡುಕಿಕೊಂಡು ಸೈಕಲ್ ತುಳಿಯುತ್ತಿದ್ದ. ಕೊನೆಗೆ ಅವನೂ ಅದೇ ಹೆಸರುಗಳನ್ನು ಕಲಿತುಕೊಂಡ.

ಮನೆಯ ಬಲಗಡೆ ರಸ್ತೆಗೆ ಹೊಂದಿಕೊಂಡು ಗ್ಯಾರೇಜಿತ್ತು. ತಗಡಿನ ಎರಡು ರೆಕ್ಕೆಯ ಬಾಗಿಲು, ಮೇಲೆ ಒಂದು ಉದ್ದನೆಯ ಕಿಂಡಿ, ಕೆಳಗೆ ಸಿಮೆಂಟಿನ ನೆಲ. ಕಾರು ಮಾತ್ರ ಯಾವತ್ತೂ ಬರಲಿಲ್ಲ. ಲೇಔಟಿನವರ ಮನೆಗಳಿಗೆಲ್ಲ ಇದೆ, ನಮಗೂ ಒಂದಿರಲಿ ಎಂದು ಯಜಮಾನರು ಹಾಕಿಸಿದ್ದಂತೆ. ಮೊದಲು ಅಲ್ಲಿ ಎರಡು ಹಸು ಕಟ್ಟುತ್ತಿದ್ದರು. ಮೇಯಿಸಲು ಬಯಲು ಇಲ್ಲದಂತಾಗಿ ಹಸುಗಳನ್ನು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ಬೀಗ ಹಾಕುತ್ತಿರಲಿಲ್ಲ. ತಮ್ಮ ಮನೆಯ ಮುಂಬಾಗಿಲಿಗೂ ಅವರು ಬೀಗ ಹಾಕಿದ್ದನ್ನು ನಾನು ನೋಡಿಲ್ಲ. ಬೀಗ ಹಾಕುವುದೆಂದರೆ ಒಳಗೆ ಏನೋ ಇದೆ ಎಂದು ಕಳ್ಳನಿಗೆ ಹೇಳಿಕಳಿಸಿದಂತೆ ಎನ್ನುತ್ತಿದ್ದರು.

ಇಷ್ಟು ಹೇಳಿದ ಮೇಲೆ ಸಾಬವ್ವನ ವಿಷಯಕ್ಕೆ ಬರಬೇಕು. ಅವಳು ನಮ್ಮ ಪಕ್ಕದ ರೂಮಿನವಳು, ಶಹಾಪುರದ ಕಡೆಯವಳು. ದಸರಾ ಮುಗಿಸಿಕೊಂಡು ಆಗ ತಾನೇ ಬೆಂಗಳೂರಿಗೆ ಬಂದಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಇಂದಿರಾನಗರದಲ್ಲಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಕೆಲಸ. ಜೊತೆಗೆ ಭಾಗ್ಯ ಎಂಬ ಸಣ್ಣ ಮಗಳು. ಕಗ್ಗದಾಸಪುರದ ಅಂಗನವಾಡಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಇವರು ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಬೆಳಿಗ್ಗೆ ಮೇಸ್ತ್ರಿಯ ಟೆಂಪೊ ಬರುವ ಮೊದಲು ಸಾಬವ್ವ ಕೂಸಿಗೆ ರೊಟ್ಟಿ, ನೀರು ಇಟ್ಟು, ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದಳು. ಅವಳೊಬ್ಬಳೇ ಅಲ್ಲ, ಹೊಸದಾಗಿ ಬಂದ ಇನ್ನೂ ಕೆಲವು ಮನೆಯವರದು ಅದೇ ರೂಢಿ. ಮಕ್ಕಳ ಕಳ್ಳರಿದ್ದಾರೆ ಎಂದು ಮೇಸ್ತ್ರಿ ಹೆದರಿಸಿದ್ದ. ನಮ್ಮ ಊರುಗಳಲ್ಲಾದರೆ ಇಡೀ ಓಣಿಯೇ ಕೂಸನ್ನು ನೋಡಿಕೊಳ್ಳುತ್ತದೆ, ಇಲ್ಲಿ ಆ ಕೆಲಸವನ್ನು ಬೀಗಕ್ಕೆ ಕೊಟ್ಟಿದ್ದರು. ಹಗಲೆಲ್ಲ ನಾನೂ ಮನೆಯಲ್ಲಿರುತ್ತಿರಲಿಲ್ಲ. ಪಿಯುಸಿ ಪಾಸಾದವಳು ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರ ಕತ್ತರಿಸುತ್ತ ಕೂರುತ್ತಿದ್ದೆ.

ಒಂದು ದಿನ ನೀರಿನ ತೊಟ್ಟಿ ನೋಡಲು ಹಿಂದಕ್ಕೆ ಬಂದ ಓನರಮ್ಮನಿಗೆ ಸಾಬವ್ವನ ರೂಮಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿದೆ. ಯಾರು ಎಂದರೆ ಉತ್ತರವಿಲ್ಲ. ಭಾಗ್ಯ ಅಳುವ ಕೂಸಲ್ಲ, ಮಾತೂ ಕಡಿಮೆ. ಸ್ಟೀಲಿನ ಲೋಟದಿಂದ ಬಾಗಿಲು ಬಡಿಯುತ್ತಿತ್ತು, ಅಷ್ಟೇ. ಓನರಮ್ಮ ಅವತ್ತು ಎಲ್ಲಿಗೂ ಹೋಗಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಸಂದಿಯಿಂದ ಒಳಗಿನ ಕೂಸಿನ ಜೊತೆ ಸಂಜೆಯವರೆಗೆ ಮಾತಾಡಿದರಂತೆ. ನಾನು ಕೆಲಸದಿಂದ ಬಂದಾಗಲೂ ಅಲ್ಲೇ ಇದ್ದರು. ಕಣ್ಣು ಕೆಂಪಾಗಿದ್ದವು.

ಸಾಬವ್ವ ಬಂದ ತಕ್ಷಣ ಶುರುವಾಯಿತು. ಅವರ ಕೋಪಕ್ಕೊಂದು ಹಿನ್ನೆಲೆಯಿತ್ತು. ಅವರ ಚಿಕ್ಕಂದಿನಲ್ಲಿ ಆ ಊರಲ್ಲಿ ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಮನೆಮಂದಿಯೆಲ್ಲ ಸ್ವಲ್ಪ ಕಾಲ ಮನೆ ಬಿಟ್ಟು ಹೋಗಬೇಕಿತ್ತು. ಹೋಗುವಾಗ ಹೊರಗಿನಿಂದ ಬೀಗ ಹಾಕಿ ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಡುತ್ತಿದ್ದರು. ಅವರ ಮಟ್ಟಿಗೆ ಬೀಗವೆಂದರೆ ಅದೇ.

"ಸಾವಾದ ಮನೆಗೆ ಹೊರಗಿಂದ ಬೀಗ ಹಾಕ್ತಾರೆ ಕಣಮ್ಮ. ಜೀವ ಇರೋ ಮನೆಗೆ ಹಾಕ್ತಾರಾ?"

ಸಾಬವ್ವ ಸಿಮೆಂಟು ಮೆತ್ತಿದ ಕೈಯಲ್ಲೇ ಮಗಳನ್ನು ಎತ್ತಿಕೊಂಡಳು. ಅವಳೇನೂ ಹೆದರಲಿಲ್ಲ.

"ಮತ್ತೇನ್ ಮಾಡ್ಲ್ರಿ ಅಮ್ಮಾರ? ಕೂಸಿನ್ನ ತಗೊಂಡ್ ಹೋಗಿ ಸೆಂಟ್ರಿಂಗ್ ಮ್ಯಾಲ ಕುಂಡ್ರಸ್ಲೇನು?"

ಓನರಮ್ಮ ತಿರುಗಿ ತಮ್ಮ ಮನೆಗೆ ನಡೆದರು. ಬೆಳಗಾಗುವಷ್ಟರಲ್ಲಿ ಗ್ಯಾರೇಜಿನ ನೆಲವನ್ನು ಬಿಸಿನೀರು ಸುರಿದು ತಿಕ್ಕಿದ್ದರು, ಎರಡು ಚಾಪೆ ಹಾಸಿದ್ದರು. ನಾನು ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಹೊರಟವಳು ಅವರ ಮುಂದೆ ಹಾದುಹೋಗಬೇಕಿತ್ತು. ಓದಿಕೊಂಡ ಕೈಯಲ್ಲಿ ದಾರ ಕತ್ತರಿಸುವುದನ್ನು ಬಿಟ್ಟು ಇಲ್ಲಿ ಕೂತು ಮಕ್ಕಳನ್ನು ನೋಡಿಕೊಂಡು ಅಕ್ಷರ ಕಲಿಸು, ತಾಯಂದಿರು ಕೈಲಾದದ್ದು ಕೊಡುತ್ತಾರೆ, ನಾನು ನಿನ್ನ ಹತ್ತಿರ ಬಾಡಿಗೆ ಕೇಳುವುದಿಲ್ಲ ಎಂದರು. ಟೀಚರಾಗಬೇಕು ಎಂಬುದು ನನ್ನ ಬಹಳ ದಿನದ ಆಸೆ. ಅದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಡಬ್ಬಿ ಅಲ್ಲೇ ಕೆಳಗಿಟ್ಟೆ.

ಹೀಗೆ ಗ್ಯಾರೇಜಿಗೆ ಮಕ್ಕಳು ಬಂದರು. ಓನರಮ್ಮ ಬಾಗಿಲ ಬಳಿ ಎಲೆ ಅಡಿಕೆ ಚೀಲ ಇಟ್ಟುಕೊಂಡು ಕೂತು ನನ್ನ ಪಾಠವನ್ನು ತಿದ್ದುತ್ತಿದ್ದರು. ಅ ಅರಸ ಎಂದರೆ, ಅರಸ ಈಗೆಲ್ಲಿದ್ದಾನೆ, ಅಕ್ಕಿ ಎನ್ನು ಎನ್ನುತ್ತಿದ್ದರು. ಆ ಆನೆಯೂ ಬೇಡ, ಮಕ್ಕಳು ಕಂಡಿರುವ ಆಡು ಇರಲಿ. ಊ ಊಟಕ್ಕೆ ಮಾತ್ರ ಯಾವ ತಕರಾರೂ ಇರಲಿಲ್ಲ. ಮಕ್ಕಳು ಮ್ಯಾಲ, ಒಳಗ ಎಂದರೆ, ಶಾಲೆಗೆ ಸಾಲಿ ಎಂದರೆ ಅವರು ನಗುತ್ತಿದ್ದರು, ಅವರು ಐತೆ, ಓಯ್ತು ಎಂದರೆ ಮಕ್ಕಳು ನಗುತ್ತಿದ್ದವು. ಭಾಗ್ಯ ಮಾತ್ರ ಮೊದಮೊದಲು ಅವರ ಸೆರಗು ಹಿಡಿದು ಸುಮ್ಮನೆ ಕೂರುತ್ತಿತ್ತು. ಬರುಬರುತ್ತ ಅದರ ಬಾಯಿ ಬಿಚ್ಚಿತು. ಬಂದವರೆಲ್ಲ ಚಪ್ಪಲಿ ಹೊರಗೆ ಬಿಡಬೇಕೆಂಬ ನನ್ನ ಕಾನೂನನ್ನು ಜಾರಿಗೆ ತರುವ ಪೊಲೀಸಮ್ಮ ಅದೇ ಆಯಿತು. ಬದುಕಿನಲ್ಲಿ ಅಷ್ಟು ಖುಷಿಯಿಂದ ನಾನು ಯಾವ ಕೆಲಸಕ್ಕೂ ಹೋದದ್ದಿಲ್ಲ.

ಓನರಮ್ಮನಿಗೆ ಒಬ್ಬನೇ ಮಗ. ಹಲಸೂರಿನಲ್ಲಿ ಪೇಂಟಿನ ಅಂಗಡಿ ಇಟ್ಟುಕೊಂಡು ಹೆಂಡತಿ ಮಕ್ಕಳ ಜೊತೆ ಅಲ್ಲೇ ಇದ್ದ. ಕೆಟ್ಟವನಲ್ಲ. ಭಾನುವಾರ ಬಂದರೆ ಮಟನ್ ತಂದು, ತಾಯಿಯ ಕೈಯಲ್ಲೇ ಸಾರು ಮಾಡಿಸಿಕೊಂಡು ಉಂಡು ಹೋಗುತ್ತಿದ್ದ. ಅವನ ಸ್ನೇಹಿತನೊಬ್ಬ ಸಿಮೆಂಟು, ಕಬ್ಬಿಣದ ಅಂಗಡಿ ಇಡಲು ಜಾಗ ಹುಡುಕುತ್ತಿದ್ದ. ಸುತ್ತ ಮನೆಗಳು ಏಳುತ್ತಿದ್ದ ಕಾಲ, ರಸ್ತೆಗೆ ತೆರೆದ ಗ್ಯಾರೇಜಿಗಿಂತ ಒಳ್ಳೆಯ ಜಾಗ ಬೇಕೆ? ಒಂದು ಭಾನುವಾರ ಊಟ ಮಾಡುತ್ತ ತಾಯಿಗೆ ಹೇಳಿದ್ದಾನೆ. ಅವರ ಬಾಯಲ್ಲಿ ಎಲೆ ಅಡಿಕೆ ಇತ್ತು. ಮಾತಾಡದ್ದನ್ನು ಒಪ್ಪಿಗೆ ಎಂದುಕೊಂಡು, ಹೋಗುವಾಗ ಗ್ಯಾರೇಜಿಗೆ ತಾನು ತಂದಿದ್ದ ದೊಡ್ಡ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಬೈಕು ಹತ್ತಿದ. ಓನರಮ್ಮ ಆಗ ಒಳಗೆ ಮಲಗಿದ್ದರು.

ಸೋಮವಾರ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು ಬೀಗದ ಮುಂದೆ ನಿಂತರು. ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಸಾಬವ್ವ ಬೇರೆ ದಾರಿ ಕಾಣದೆ ಭಾಗ್ಯಳನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋದಳು. ಕೂಸನ್ನು ಕರೆತರುವುದಾದರೆ ನೀನೂ ಬರಬೇಡ ಎಂದು ಮೇಸ್ತ್ರಿ ವಾಪಸ್ ಕಳಿಸಿದ. ಬರುವಾಗ ಎಸ್‌ಟಿಡಿ ಬೂತಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಕೂಸನ್ನು ಕರೆದುಕೊಂಡು ಹೋಗಲು ಅಣ್ಣನಿಗೆ ಬರಹೇಳಿದಳಂತೆ. ನಲ್ಲಿ ಹತ್ತಿರ ಬಂದು ಕೂತು ನನ್ನ ಮುಂದೆ ಅತ್ತಳು. ಅವಳ ಅಳುವಿಗೆ ಕಾರಣವಿತ್ತು. ದೊಡ್ಡ ಮಗನನ್ನು ಹೀಗೆಯೇ ಎಳೆಯದರಲ್ಲಿ ಊರಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು, ಬೆಂಗಳೂರಿಗೆ ಬರುವ ಮೊದಲು ಬೇರೆ ಊರುಗಳಲ್ಲಿ ದುಡಿಯುತ್ತಿದ್ದಳು. ದಸರಾಕ್ಕೆ ಹೋದಾಗ ಅವನು ಇವಳನ್ನು ಕಂಡು ಅಜ್ಜಿಯ ಹಿಂದೆ ಅಡಗಿ ನಿಂತಿದ್ದ. ಅಜ್ಜಿಗೆ ಅವ್ವ ಎನ್ನುತ್ತಿದ್ದ.

"ಇದೂ ನನ್ನ ಮರೀತದ ಅಕ್ಕಾ," ಎಂದಳು.

ಓನರಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಫೋನ್ ಎಂದರೆ ಅವರಿಗೆ ಆಗುತ್ತಿರಲಿಲ್ಲ, ಮುಖ ಕಾಣದವರ ಜೊತೆ ಎಂಥ ಮಾತು ಎನ್ನುತ್ತಿದ್ದರು. ಆದರೂ ನನ್ನನ್ನು ಕರೆದುಕೊಂಡು ಬೂತಿಗೆ ಹೋಗಿ ಮಗನ ಅಂಗಡಿಗೆ ನಂಬರ್ ಹಚ್ಚಿಸಿದರು. ಸ್ನೇಹಿತನಿಗೆ ಮಾತು ಕೊಟ್ಟಾಗಿದೆ, ಶುಕ್ರವಾರ ಅಂಗಡಿ ಪೂಜೆ, ಮಕ್ಕಳಿಗೆ ಇನ್ನೆಲ್ಲಾದರೂ ನೋಡೋಣ ಎಂದ. ಓನರಮ್ಮ ಹೂಂ ಎಂದು ಫೋನ್ ಇಟ್ಟರು. ಅವರು ಮಗನ ಮಾತಿಗೆ ಎದುರಾಡುವವರಲ್ಲ ಎಂಬುದು ನನಗೆ ಗೊತ್ತಿತ್ತು. ಮುಗಿಯಿತು, ನಾಳೆಯಿಂದ ಮತ್ತೆ ದಾರ ಕತ್ತರಿಸುವುದೇ ಎಂದುಕೊಂಡೆ.

ಮರುದಿನ ತಿಂಡಿಯ ಹೊತ್ತಿಗೆ ಅವರು ಹಬ್ಬದ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದು, ಶಿವಾಜಿನಗರಕ್ಕೆ ಹೋಗಿಬರೋಣ ನಡಿ ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಲಸೂರು ಬಂದಾಗ ಮಾತ್ರ ಮುಖ ಈಚೆ ತಿರುಗಿಸಿಕೊಂಡರು. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬೀಗ ರಿಪೇರಿ ಮಾಡುವ ವಯಸ್ಸಾದ ಸಾಬರೊಬ್ಬರು ಫುಟ್‌ಪಾತಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಹಸು ಸಾಕುತ್ತಿದ್ದ ಕಾಲದಲ್ಲಿ ಓನರಮ್ಮ ಅವರ ಮನೆಗೆ ಹಾಲು ಕೊಡುತ್ತಿದ್ದರಂತೆ. ಗ್ಯಾರೇಜಿನ ಬೀಗ ಬದಲಾಯಿಸಬೇಕು ಎಂದಾಗ ಸಾಬರು ಸಣ್ಣದು ದೊಡ್ಡದು ಎಂದು ಬೀಗಗಳನ್ನು ಸಾಲಾಗಿ ಹರಡಿದರು. ಓನರಮ್ಮ ಒಂದನ್ನೂ ಮುಟ್ಟಲಿಲ್ಲ. ಒಳಗಿನಿಂದ ಹಾಕಿಕೊಳ್ಳುವ ಚಿಲಕ ಕೊಡು ಎಂದರು. ಸಾಬರು ಕನ್ನಡಕದ ಮೇಲಿನಿಂದ ನೋಡಿದರು.

"ಗ್ಯಾರೇಜ್‌ಕು ಒಳಗಿಂದ ಚಿಲಕ ಕೈಕು, ಯಾಕಮ್ಮಾ? ಕಾರೇ ಎದ್ದು ಹಾಕ್ಕೊಳ್ತದಾ?"

ನಮ್ಮ ಗ್ಯಾರೇಜಿನಲ್ಲಿ ಹಾಕಿಕೊಳ್ಳುತ್ತವೆ ಎಂದು ಓನರಮ್ಮ ಗಂಭೀರವಾಗಿ ಹೇಳಿದರು. ಚಿಲಕ ಕೊಂಡು, ಸಾಬರನ್ನೂ ಅವರ ಪೆಟ್ಟಿಗೆಯನ್ನೂ ಅದೇ ಬಸ್ಸಿಗೆ ಹತ್ತಿಸಿಕೊಂಡು ವಾಪಸಾದೆವು.

ಬೀಗದ ಮುಂದೆ ಕೂತ ಸಾಬರು ಮೊದಲು ಕೈಗೆತ್ತಿಕೊಂಡದ್ದು ಸುತ್ತಿಗೆಯನ್ನು. ಓನರಮ್ಮ ತಡೆದರು. ಮಗನ ಬೀಗ, ಒಡೆಯಕೂಡದು, ಬಿಚ್ಚಿ ಕೊಡಬೇಕು ಎಂದರು. ಸಾಬರು ಗೊಣಗುತ್ತ ತಂತಿ ತಿರುವಿ ತಿರುವಿ ಬಿಚ್ಚಿದರು. ಅದನ್ನು ಸೆರಗಿನಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಓನರಮ್ಮ ಒಳಗಿಟ್ಟರು. ಆಮೇಲೆ, ಹೊರಗೆ ಬೀಗ ಸಿಕ್ಕಿಸುವ ಕೊಂಡಿಯನ್ನೇ ಕಿತ್ತುಹಾಕಲು ಹೇಳಿದರು. ಒಳಗಿನ ಚಿಲಕ ಎಷ್ಟೆತ್ತರದಲ್ಲಿರಬೇಕು ಎಂಬಲ್ಲಿ ದೊಡ್ಡ ಚರ್ಚೆ ನಡೆಯಿತು. ಸಾಬರು ಎದೆಯ ಮಟ್ಟಕ್ಕೆ ಗುರುತು ಹಾಕಿದರೆ ಓನರಮ್ಮ ಕೆಳಗೆ ಎಂದರು, ಸೊಂಟಕ್ಕೆ ಇಳಿಸಿದರೆ ಇನ್ನೂ ಕೆಳಗೆ ಎಂದರು. ಕೊನೆಗೆ ಭಾಗ್ಯಳನ್ನು ಕರೆದು ಬಾಗಿಲಿಗೆ ನಿಲ್ಲಿಸಿ, ಅದು ಚಾಚಿದ ಕೈಯನ್ನೇ ಅಳತೆ ಮಾಡಿದರು. ಕೂಸು ಚಿಲಕ ತೆಗೆದು ಓಡಿಹೋಗುತ್ತದೆ ಎಂದು ಸಾಬರಿಗೆ ಚಿಂತೆ. ನನಗೂ ಅದೇ ಭಯ. ಬಾಗಿಲಲ್ಲಿ ತಾನು ಕೂತಿರುವುದು ಮತ್ತೆ ಯಾತಕ್ಕೆ ಎಂದು ಓನರಮ್ಮ ಇಬ್ಬರನ್ನೂ ಗದರಿಸಿದರು. ಇನ್ನು ರಾತ್ರಿ ಕಳ್ಳ ಬಂದರೆ ಎಂದು ನಾನು ತಲೆ ಕೆರೆದುಕೊಂಡೆ. ಒಳಗಿರುವುದು ಚಾಪೆ, ಸ್ಲೇಟು. ಬರುವವನು ಅ ಆ ಇ ಈ ಕಲಿತುಕೊಂಡು ಹೋಗಲಿ ಎಂದರು. ಸಾಬರಿಗೆ ಅದು ಬಹಳ ಹಿಡಿಸಿತು, ನಗುತ್ತಲೇ ಸ್ಕ್ರೂ ತಿರುಗಿಸಿದರು.

ಸಾಬರು ಹೋದ ಮೇಲೆ ಓನರಮ್ಮ ಮೆಟ್ಟಿಲ ಮೇಲೆ ಕೂತರು. ಸುಣ್ಣ ಹಚ್ಚಿದ ಎಲೆಗೇ ಮತ್ತೆ ಸುಣ್ಣ ಹಚ್ಚತೊಡಗಿದರು. ಭಯವಾಗುತ್ತದೆಯೇ ಎಂದು ಕೇಳಿದೆ.

"ಆಗ್ದೆ ಏನಮ್ಮ? ನಾಳೆ ನನ್ನ ಹೆಣಕ್ಕೆ ಕೊಳ್ಳಿ ಇಡೋನು ಅವ್ನು. ಆದ್ರೆ ಅದು ನಾಳೆ. ಈ ಕೂಸು ಓಗ್ತಿರೋದು ಈ ವಾರ."

ಅವರ ಕೈ ಹಿಡಿದುಕೊಳ್ಳಬೇಕು ಎನಿಸಿತು, ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಸಾಬವ್ವನ ಅಣ್ಣ ಬಂದ. ಸಂಜೆಯ ಗಾಡಿಗೆ ಹೊರಡಬೇಕು ಎಂದ. ಮಗನ ಮುಂದೆ ಓನರಮ್ಮನ ಚಿಲಕ ಎಷ್ಟು ದಿನ ನಿಂತೀತು ಎಂಬ ಅನುಮಾನ ಸಾಬವ್ವನಿಗೆ. ಅವಳಿಗೆ ಎಲ್ಲರ ಚಿಲಕದ ಮೇಲೂ ಅನುಮಾನವೇ. ಭಾಗ್ಯಳ ಲಂಗ, ಅಂಗಿಗಳನ್ನು ಗಂಟು ಕಟ್ಟಿ ಅಣ್ಣನ ಕೈಗೆ ಕೊಟ್ಟು, ಮಗಳ ಮುಖ ನೋಡದೆ ಟೆಂಪೊ ಹತ್ತಿದಳು. ಕಳಿಸುವುದನ್ನು ಕಣ್ಣಾರೆ ನೋಡಲು ಆಗುವುದಿಲ್ಲ ಎಂದಿದ್ದಳು. ಅಣ್ಣ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗ್ಯಾರೇಜಿನ ಒಳಗೆ ಗೋಡೆಗೆ ಒರಗಿ ಕೂತ. ನಾನು ಎಂದಿನಂತೆ ಪಾಠ ಶುರು ಮಾಡಿದೆ.

ಬಿಸಿಲು ಏರಿದ ಹೊತ್ತಿಗೆ ಹೊರಗೆ ಬೈಕು ನಿಂತ ಸದ್ದಾಯಿತು. ಯಾರೋ ಬಾಗಿಲು ತಳ್ಳಿದರು, ತೆರೆಯಲಿಲ್ಲ. ಕೊಂಡಿ ಇದ್ದ ಜಾಗವನ್ನು ತಡವಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲು ಬಡಿದರು. ನಾನು ಓನರಮ್ಮನ ಮುಖ ನೋಡಿದೆ. ಅವರು ಅಲುಗಾಡದೆ ಭಾಗ್ಯಳತ್ತ ಕಣ್ಣು ಮಾಡಿದರು. ಕೂಸು ಎದ್ದು ಹೋಗಿ ಯಾರು ಎಂದು ಕೇಳಿತು. ಹೊರಗಿನಿಂದ ಮಗ ತನ್ನ ಹೆಸರು ಹೇಳಿದ. ಹೇಳುವಾಗ ಅವನ ದನಿಯಲ್ಲಿ ಕೋಪಕ್ಕಿಂತ ಗಲಿಬಿಲಿ ಹೆಚ್ಚಿತ್ತು. ತನ್ನ ಗ್ಯಾರೇಜಿನ ಮುಂದೆ ತಾನೇ ಹೆಸರು ಹೇಳಿಕೊಳ್ಳುವ ಪ್ರಸಂಗ ಅವನಿಗೆ ಹಿಂದೆಂದೂ ಬಂದಿರಲಿಕ್ಕಿಲ್ಲ. ಭಾಗ್ಯ ಎರಡೂ ಕೈಯಲ್ಲಿ ಚಿಲಕ ಸರಿಸಿ ಬಾಗಿಲು ತೆರೆಯಿತು. ಮಗ ನಿಂತಿದ್ದ. ಅವನ ಹಿಂದೆ ತೆಂಗಿನಕಾಯಿ, ಊದಿನಕಡ್ಡಿ, ಹೂವಿನ ಪೊಟ್ಟಣ ಹಿಡಿದುಕೊಂಡು ಸಿಮೆಂಟ್ ಅಂಗಡಿಯ ಸ್ನೇಹಿತ.

"ಚಪ್ಪಲ್ ಹೊರಗ ಬಿಡ್ರಿ," ಎಂದಿತು ಭಾಗ್ಯ.

ಮಗ ತಾಯಿಯನ್ನು ನೋಡಿದ, ಒಳಗಿನ ಮಕ್ಕಳನ್ನು ನೋಡಿದ. ಮಕ್ಕಳೆಲ್ಲ ಅವನ ಚಪ್ಪಲಿಯನ್ನೇ ನೋಡುತ್ತಿದ್ದವು. ಬಿಟ್ಟ. ಸ್ನೇಹಿತನೂ ಬೂಟಿನ ದಾರ ಬಿಚ್ಚಲು ಬಗ್ಗಿದ, ತೆಂಗಿನಕಾಯಿ ಉರುಳಿ ಒಳಗೆ ಬಂತು. ಪಾಠ ಮುಗಿಯುವವರೆಗೆ ಕೂತಿರಿ ಎಂದು ಓನರಮ್ಮ ಚಾಪೆ ತೋರಿಸಿದರು. ನಾನು ಅವತ್ತು ಪಾಠ ಮುಗಿಸುವ ಆತುರವನ್ನೇನೂ ಮಾಡಲಿಲ್ಲ.

ಆಮೇಲೆ ತಾಯಿ ಮಗ ಹೊರಗೆ ನಿಂತು ಮಾತಾಡಿದರು, ನಮಗೆಲ್ಲ ಕೇಳಿಸುತ್ತಿತ್ತು. ಮಕ್ಕಳ ಮೇಲೆ ತನಗೇನೂ ಸಿಟ್ಟಿಲ್ಲ, ಆದರೆ ಕೊಟ್ಟ ಮಾತು ಏನಾಗಬೇಕು, ತನ್ನ ಮರ್ಯಾದೆ ಏನಾಗಬೇಕು ಎಂದು ಅವನು ಕೇಳಿದ. ನ್ಯಾಯವಾದ ಮಾತೇ. ಓನರಮ್ಮ ಎಣ್ಣೆ ಬಿಟ್ಟಿಟ್ಟ ಬೀಗವನ್ನು ತಂದು ಅವನ ಕೈಗೆ ಕೊಟ್ಟರು. ಆಮೇಲೆ ತಮ್ಮ ಮನೆಯ ಮುಂಭಾಗದ ರೂಮಿನ ಬಾಗಿಲು ತೆರೆದು ತೋರಿಸಿದರು. ರಸ್ತೆಗಿರುವ ಆ ರೂಮು ಅವರು ಮಲಗುತ್ತಿದ್ದ ಜಾಗ, ಗಾಳಿ ಬೆಳಕು ಇದ್ದದ್ದು ಅದೊಂದಕ್ಕೇ. ಅದು ಈಗ ಖಾಲಿಯಿತ್ತು. ಮಂಚ, ಟ್ರಂಕು, ಯಜಮಾನರ ಫೋಟೊ ಎಲ್ಲವನ್ನೂ ಯಾವಾಗಲೋ ಹಿಂದಿನ ಕೋಣೆಗೆ ಸಾಗಿಸಿದ್ದರು. ನನಗೂ ತಿಳಿಸಿರಲಿಲ್ಲ.

"ನಿನ್ ಮಾತೂ ಉಳೀಲಿ ಮಗಾ. ಸಿಮೆಂಟ್ ಇಲ್ಲಿ ಇಟ್ಕೊಳ್ಲಿ. ಸಿಮೆಂಟ್ ಆದ್ರೆ ಎಲ್ಲಿಟ್ರೂ ತನ್ನವ್ವ ಯಾರು ಅನ್ನೋದ್ನ ಮರ್ಯಲ್ಲ."

ಮಗ ಬೀಗವನ್ನು ಕೈಯಲ್ಲಿ ತಿರುಗಿಸಿ ನೋಡಿದ. ನೀನು ಎಲ್ಲಿ ಮಲಗುತ್ತೀಯ ಎಂದು ಮಾತ್ರ ಕೇಳಿದ. ಹಿಂದಿನ ಕೋಣೆಯಲ್ಲಿ ಸೊಳ್ಳೆ ಜಾಸ್ತಿ, ಒಂದು ಫ್ಯಾನ್ ಹಾಕಿಸಿಕೊಡು ಎಂದರು ಓನರಮ್ಮ. ಅವನು ತಾಯಿಯ ಕಡೆ ನೋಡದೆ, ಸ್ನೇಹಿತನ ಹೆಗಲ ಮೇಲೆ ಕೈಯಿಟ್ಟು ಆ ರೂಮಿನೊಳಗೆ ಹೋದ. ತೆಂಗಿನಕಾಯಿ ಅಲ್ಲೇ ಒಡೆದರು. ಚೂರುಗಳನ್ನು ಮಕ್ಕಳಿಗೆ ಹಂಚಲು ಮಗನೇ ಬಂದ, ಬಾಗಿಲಲ್ಲಿ ತಾನಾಗಿಯೇ ಚಪ್ಪಲಿ ಬಿಟ್ಟ. ಮುಂದೆ ಎಷ್ಟೋ ವರ್ಷ ಆ ಅಂಗಡಿ ಅಲ್ಲಿತ್ತು, ಎಲೆ ಅಡಿಕೆಗೂ ಸಿಮೆಂಟಿನ ರುಚಿ ಬಂದಿದೆ ಎಂದು ಓನರಮ್ಮ ಆ ಸ್ನೇಹಿತನನ್ನು ದಿನವೂ ಬೈಯುತ್ತಿದ್ದರು. ನಾನು ಅದೇ ಗ್ಯಾರೇಜಿನಲ್ಲಿ ಪಾಠ ಹೇಳುತ್ತಲೇ ಟೀಚರ್ ಟ್ರೇನಿಂಗಿಗೆ ಕಟ್ಟಿದೆ, ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ.

ಆ ಶುಕ್ರವಾರ ಸಂಜೆ ಸಾಬವ್ವನ ಅಣ್ಣ ಹೊರಡುವ ಹೊತ್ತಾಯಿತು. ಅವನು ಎಲ್ಲವನ್ನೂ ಕೂತು ನೋಡಿದ್ದ. ಬಟ್ಟೆಯ ಗಂಟನ್ನು ತಂದು ನನ್ನ ಮುಂದಿಟ್ಟ. ಓನರಮ್ಮ ಒಳಗಿನಿಂದ ಒಂದು ಚೀಲ ಸೊಗಡು ಅವರೆಕಾಯಿ ತಂದು ಅವನ ಹೆಗಲಿಗೇರಿಸಿದರು.

"ಮೊಮ್ಮಗಳ್ನ ಕಳ್ಸಕ್ಕಾಗ್ಲಿಲ್ಲ, ಅವರೆಕಾಯಿ ಕಳ್ಸಿದೀನಿ ಅಂತ ನಿಮ್ಮಮ್ಮಂಗೆ ಹೇಳಪ್ಪ."

ಮುಂದಿನದನ್ನು ನಾನು ಕಂಡಿಲ್ಲ, ಸಾಬವ್ವನೇ ಹೇಳಿದ್ದು. ಟೆಂಪೊ ಇಳಿದು, ಖಾಲಿ ರೂಮಿಗೆ ಹೋಗಲು ಕಾಲು ಬಾರದೆ ನಿಧಾನವಾಗಿ ಬರುತ್ತಿದ್ದಾಗ ರಸ್ತೆಯ ತಿರುವಿನಲ್ಲಿ ಅಣ್ಣ ಎದುರಾದ. ಹೆಗಲ ಮೇಲೆ ಚೀಲವಿತ್ತು, ಜೊತೆಗೆ ಯಾರೂ ಇರಲಿಲ್ಲ. ಕೂಸು ಎಲ್ಲಿ ಎಂದು ಅವನ ತೋಳು ಹಿಡಿದು ಕೇಳಿದಳು.

"ಸಾಲ್ಯಾಗ ಅದ," ಎಂದನಂತೆ ಅಣ್ಣ.